ಗುರುತಿಲ್ಲದ ಹನ್ನೊಂದು ಪುಸ್ತಕಗಳು

ಮಾರ್ಚ್ 9, ಬುಧವಾರ

ಪ್ರೀತಿಯ ಪುಟ್ಟಿಗೆ,

ಸಂಜೆ ನಾಲ್ಕು ಗಂಟೆ. ಬೆಳಿಗ್ಗೆಯಿಂದ ಶಾಲಾ ಮಕ್ಕಳ ಆರು ಅಂಗಿಗಳಿಗೆ ಕಾಲರ್ ಕೂರಿಸಿ, ಈಗಷ್ಟೇ ಮೆಷಿನ್ನಿಗೆ ಬಟ್ಟೆ ಹೊದಿಸಿ ಕೂತಿದ್ದೇನೆ. ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲ, ಬೇಸರ ಮಾಡಿಕೊಳ್ಳಬೇಡ. ಅಮ್ಮನ ಡೈರಿ ಕಳಿಸಿ ಎಂದು ನೀನು ಕೇಳಿದ್ದೆ. ಕಳಿಸಲು ಮನಸ್ಸಿಲ್ಲ ಎಂದಲ್ಲ, ಅದರಲ್ಲಿ ನನ್ನ ಕೆಲಸ ಇನ್ನೂ ಸ್ವಲ್ಪ ಬಾಕಿ ಇದೆ.

ಓದಿದ ಪುಸ್ತಕದ ಹೆಸರು, ಮುಗಿಸಿದ ತಾರೀಖು, ಒಂದು ಸಾಲು ಅಭಿಪ್ರಾಯ, ಪಕ್ಕದಲ್ಲೊಂದು ಸರಿ ಗುರುತು. ಅವಳು ಬರೆಯುತ್ತಿದ್ದದ್ದು ಇಷ್ಟೇ. ಆದರೆ ಕೊನೆಯ ಹನ್ನೊಂದು ಪುಸ್ತಕಗಳಿಗೆ ಗುರುತಿಲ್ಲ. ಇಷ್ಟವಾಗಲಿಲ್ಲವೇನೋ ಎಂದುಕೊಂಡೆ. ನೋಡಿದರೆ ಒಂದರ ಮುಂದೆ 'ನಕ್ಕು ನಕ್ಕು ಸಾಕಾಯಿತು' ಎಂದಿದೆ! ಅವಳು ಹೋದ ಮೇಲೆ ಅವನ್ನೇ ಓದಲು ಹೊರಟೆ. ವರ್ಷ ಹಿಡಿಯಿತು. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನ ಓದು, ಸಾಲಿನ ಮೇಲೆ ಬೆರಳಿಟ್ಟುಕೊಂಡೇ ಸಾಗಬೇಕು.

ಗ್ರಂಥಾಲಯದ ಮೇಡಂ ಮೊದಲ ದಿನ ಕನ್ನಡಕ ಇಳಿಸಿ, "ಏನ್ ಯಜಮಾನ್ರೇ, ಟೇಪು ಬಿಟ್ಟು ಪುಸ್ತಕ ಹಿಡಿದ್ರಿ?" ಎಂದರು.

"ಇದರ ಅಳತೇನೂ ತಗೊಳ್ಳೋಣ ಅಂತ" ಎಂದೆ.

ನಗುತ್ತಲೇ ಕಾರ್ಡು ಈಸಿಕೊಂಡವರು, ಅದರಲ್ಲಿ ಅಮ್ಮನ ಹೆಸರು ನೋಡಿ ಕನ್ನಡಕ ಮತ್ತೆ ಏರಿಸಿದರು. "ಇದೇ ಇರ್ಲಿ ಬಿಡಿ, ಹೊಸದೇನೂ ಬೇಡ" ಎಂದರು.

ಅವಳ ಸಾಲಿನ ಕೆಳಗೆ ನಾನೂ ಒಂದೊಂದು ಸಾಲು ಬರೆದಿದ್ದೇನೆ, ನಗಬೇಡ. 'ಬಟ್ಟೆ ಸಾಲದೆ ಎಳೆದು ಹೊಲಿದಿದ್ದಾರೆ.' 'ಎಲ್ಲ ಚೆನ್ನ, ಕೊನೆಯ ಗುಂಡಿ ಹಾಕಲು ಮರೆತಿದ್ದಾರೆ.' ಒಂದು ಕಥೆಯಲ್ಲಿ ಅವಳು 'ಪಾಪದ ಮನುಷ್ಯ' ಎಂದು ಬರೆದವನನ್ನು ನಾನು 'ಶುದ್ಧ ಮುಠ್ಠಾಳ' ಎಂದಿದ್ದೇನೆ. ಅವಳು ಇದ್ದಿದ್ದರೆ ಒಂದು ವಾರ ಜಗಳ ನಡೆಯುತ್ತಿತ್ತು.

ಆಸ್ಪತ್ರೆಯಲ್ಲಿ ಕೆಲಸ ಜಾಸ್ತಿ ಎಂದು ಊಟ ಬಿಡಬೇಡ. ನಿನ್ನ ಕೈಯಲ್ಲಿ ಮದ್ದು ತೆಗೆದುಕೊಂಡವರೆಲ್ಲ ಎದ್ದು ಮನೆಗೆ ನಡೆಯಲಿ. ಚೆನ್ನಾಗಿರು ಮಗಳೇ.

ನಿನ್ನ
ಅಪ್ಪ

ಇನ್ನೊಂದು ಮಾತು. ಆ ಗುರುತು ಏನೆಂದು ಗೊತ್ತಾಯಿತು. ಡೈರಿಯ ಹಿಂದಿನ ಪುಟಗಳನ್ನು ತಿರುವಿದರೆ, ಗುರುತಿರುವ ಕಥೆಗಳೆಲ್ಲ ನನಗೆ ಗೊತ್ತಿದ್ದವೇ. ನಾನು ಮೆಷಿನ್ ತುಳಿಯುವಾಗ ಪಕ್ಕದಲ್ಲಿ ಕೂತು ಗುಂಡಿ ಹೊಲಿಯುತ್ತಾ ಅವಳು ಹೇಳಿದ್ದವು. ನನಗೆ ಹೇಳಿಯಾದ ಮೇಲೆ ಗುರುತು ಹಾಕುತ್ತಿದ್ದಳು. ಒಂದು ದಿನ ಯಾರದೋ ಹೊಸ ಕೋಟಿನ ತೋಳು ತಪ್ಪಾಗಿ ಕತ್ತರಿಸಿ, ಆ ಸಿಟ್ಟಿಗೆ, "ನಿನ್ನ ಕಥೆ ಸಾಕು ಮಾಡೇ, ತಲೆ ಚಿಟ್ಟು ಹಿಡೀತು" ಎಂದು ರೇಗಿಬಿಟ್ಟೆ. "ಆಯ್ತು ಬಿಡಿ" ಎಂದಳು, ಅಷ್ಟೇ. ಮತ್ತೆ ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ. ಆಮೇಲೆ ಅವಳು ಓದಿದ್ದು ಈ ಹನ್ನೊಂದು. ಅವಕ್ಕೆ ಗುರುತು ಹಾಕಲು ನನಗೆ ಕೈ ಏಳಲಿಲ್ಲ.

ಕೊನೆಯದರಲ್ಲಿ ಓದಲು ಇನ್ನೂ ಮೂರು ಪುಟ ಇದೆ. ನಾಳೆ ಅದನ್ನು ಗ್ರಂಥಾಲಯಕ್ಕೆ ವಾಪಸು ಕೊಡಬೇಕು.