ಕೊನೆಯ ಚರಣದ ಹೆಸರು

ಭಾನುವಾರ, ಫೆಬ್ರವರಿ 9

ಅಕ್ಷರ ಸೊಟ್ಟ, ಕಾಗುಣಿತವೂ ತಪ್ಪಿರಬಹುದು, ಮನ್ನಿಸಬೇಕು. ಐದನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು.

ಮುತ್ತಜ್ಜ ಚೆನ್ನವೀರಪ್ಪ ನಾಟಕ ಕಂಪನಿಗೆ ಬರೆದ ಹಾಡುಗಳಲ್ಲಿ ಗ್ರಾಮಫೋನ್ ಪ್ಲೇಟಿಗೆ ಹೋದದ್ದು ಒಂದೇ. ಪ್ಲೇಟಿನಲ್ಲಿ ಜಾಗ ಸಾಲದೆ, ಅವರ ಹೆಸರು ಬರುವ ಕೊನೆಯ ಚರಣವನ್ನೇ ಬಿಟ್ಟಿದ್ದರು. ಅವರ ಮಗಳಾದ ನಮ್ಮಜ್ಜಿಯ ಬಾಯಿಂದ ಆ ಚರಣವನ್ನು ಕೇಳಿ ಬರೆದುಕೊಂಡು, ದೊಡ್ಡಪ್ಪನ ಮಗ ಕಾಂತೇಶಣ್ಣನಿಗೆ ನಾನೇ ಕಲಿಸಿದ್ದೆ.

ಇವತ್ತು ಬಾಳೆಹೊನ್ನೂರಿನ ವೇದಿಕೆಯಲ್ಲಿ ಅವನು ‘ಬಡವ ಚೆನ್ನವೀರನ ಮೊರೆ ಕೇಳೆ’ ಎನ್ನಬೇಕಾದಲ್ಲಿ ‘ಬಡವ ಕಾಂತೇಶನ’ ಎಂದು ಹಾಡಿದ. ಜನ ಚಪ್ಪಾಳೆ ತಟ್ಟಿದರು. ಅಜ್ಜಿ ನನ್ನ ಕೈ ಹಿಡಿದು, “ನಮ್ಮಪ್ಪನ ಹೆಸರೆಲ್ಲಿ ಹೋಯ್ತೇ?” ಎಂದಳು.

ಕೆಳಗಿಳಿದು ಬಂದವನನ್ನು ಕೇಳಿದೆ. “ಎಂತ ಮಾರಾಯ್ತಿ, ಮುತ್ತಜ್ಜನ್ನ ಯಾರು ಕಂಡಿದಾರೆ? ಹಾಡಿದವನ ಹೆಸರು ಬಂದ್ರೆ ಜನಕ್ಕೆ ಖುಷಿ” ಎಂದು ನಕ್ಕ.

ಪ್ಲೇಟಿನವರು ಹೆಸರು ಬಿಟ್ಟಿದ್ದರು, ಅಷ್ಟೇ. ಇವನು ಆ ಜಾಗದಲ್ಲಿ ತಾನೇ ಕೂತ. ಅಜ್ಜಿಯ ಚಪ್ಪಲಿ ಹುಡುಕುತ್ತಾ ನಿಂತೆ.

ಬೆಳಿಗ್ಗೆ ಅವನ ಗಂಟಲು ಕಟ್ಟಿದೆ ಎಂದು ಕಾಳುಮೆಣಸಿನ ಕಷಾಯ ಕಾಯಿಸಿ ಕುಡಿಸಿದವಳೂ ನಾನೇ.