ಮೂವತ್ತೇಳನೇ ನಂಬರು

ವಿಕ್ಸಮ್, ಮಿಶಿಗನ್
ನವೆಂಬರ್ 3, 2025

ಲತಾ,

ಚೆನ್ನಾಗಿದ್ದೀಯ ತಾನೆ? ಫೋನಿನಲ್ಲಿ ನಾನು ಬಾಯಿ ತೆರೆದರೆ ವ್ಯಾಪಾರದ ಮಾತೇ ಬರುತ್ತದೆ, ನೀನು ಇಟ್ಟುಬಿಡುತ್ತೀಯ. ಅದಕ್ಕೇ ಕಾಗದ. ಮಗ ಹೋದರೂ ಈ ಮನುಷ್ಯನ ಕಣ್ಣಲ್ಲಿ ಒಂದು ಹನಿ ಬರಲಿಲ್ಲ ಅಂತ ನೀನು ಶಿಕಾಗೊದ ಅಣ್ಣನ ಮನೆಗೆ ಹೋದೆ. ವಾಪಸ್ ಕರೆಯಲು ಬರೆಯುತ್ತಿಲ್ಲ, ಹೆದರಬೇಡ.

ಹೋದ ವಾರ ಸುಶ್ರುತನ ಕಾಲೇಜಿನ ಫುಟ್‌ಬಾಲ್ ಕೋಚ್ ನನ್ನ ವರ್ಕ್‌ಶಾಪಿಗೆ ಬಂದಿದ್ದ. ಅಷ್ಟೆತ್ತರದ ಆಳು, ಟೋಪಿ ಕೈಯಲ್ಲಿ ಹಿಡಿದು ಹೆಣ್ಣು ಕೇಳಲು ಬಂದವನ ಹಾಗೆ ನಿಂತಿದ್ದ. ಆ ಕಾರಿನ ಅಪಘಾತದ ನಂತರ ನಮ್ಮವನ ಜೆರ್ಸಿಯ ಮೂವತ್ತೇಳನೇ ನಂಬರನ್ನು ಯಾರಿಗೂ ಕೊಟ್ಟಿಲ್ಲ. ಅವನ ಜೊತೆ ತಂಡಕ್ಕೆ ಸೇರಿದ ಹುಡುಗರೇ ಹಟ ಹಿಡಿದು ಹಾಗೇ ಇಡಿಸಿದ್ದರು. ಈಗ ಅವರದೂ ಕೊನೆಯ ವರ್ಷ. ಹದಿನೈದನೇ ತಾರೀಖು ಶನಿವಾರ ಇಲ್ಲಿನ ಮೈದಾನದಲ್ಲಿ ಈ ವರ್ಷದ ಕೊನೆಯ ಪಂದ್ಯ. ಅವತ್ತು ಕಾಲೇಜು ಮುಗಿಸುವ ಒಬ್ಬೊಬ್ಬ ಹುಡುಗನೂ ಅಪ್ಪ ಅಮ್ಮನ ಕೈ ಹಿಡಿದು ಮೈದಾನಕ್ಕೆ ಬರುತ್ತಾನೆ, ಹೆಸರು ಕೂಗುತ್ತಾರೆ. ಸುಶ್ರುತನ ಹೆಸರೂ ಕೂಗುತ್ತಾರಂತೆ. ಅವನ ಜೆರ್ಸಿ ಹಿಡಿದು ನಾವಿಬ್ಬರೂ ನಡೆಯಬೇಕಂತೆ. ಆಮೇಲೆ, ನಾವು ಒಪ್ಪಿದರೆ ಮಾತ್ರ, ಮುಂದಿನ ವರ್ಷ ಸೇರುವ ಹುಡುಗನಿಗೆ ಆ ನಂಬರು. ಅವನೂ ನಮ್ಮವನ ಹಾಗೆ ಚೆಂಡು ಒದೆಯುವ ಕಿಕ್ಕರೇ. ಚಿಕ್ಕಂದಿನಿಂದ ಅದೇ ನಂಬರು ಹಾಕಿದವನಂತೆ.

ಕಪಾಟಿನಲ್ಲಿ ಸುಮ್ಮನೆ ಕೂತ ಸಾಮಾನಿನಿಂದ ಯಾರಿಗೂ ಲಾಭವಿಲ್ಲ ಅಂತ ಕೆಲಸದವರಿಗೆ ದಿನಾ ಹೇಳುವವನು ನಾನು. ತಕ್ಷಣ ಹೂಂ ಅನ್ನಬೇಕಿತ್ತು. ಹೆಂಡತಿಯನ್ನು ಕೇಳಬೇಕು ಅಂದುಬಿಟ್ಟೆ. ಕೋಚ್ ನಕ್ಕು, ನಮ್ಮ ಮನೇಲೂ ಹಾಗೇ ಸರ್ ಅಂದ.

ಹೋಗುವಾಗ ವಿಶ್ವವಿದ್ಯಾಲಯದ ಫುಟ್‌ಬಾಲ್ ಚರಿತ್ರೆಯ ಪುಸ್ತಕ ಕೊಟ್ಟ. ಮೊದಲ ತಂಡದಿಂದ ಇವತ್ತಿನವರೆಗೆ ಗೆದ್ದದ್ದು, ಸೋತದ್ದು, ಆಡಿದವರೆಲ್ಲರ ಹೆಸರು. ಒಂದು ಸಲವಾದರೂ ಪಂದ್ಯಕ್ಕೆ ಇಳಿದವನಿಗೆ ಮಾತ್ರ ಅಲ್ಲಿ ಜಾಗ. ನಮ್ಮವನದು ಮೊದಲ ವರ್ಷ, ಬರೀ ಅಭ್ಯಾಸ. ಗೊತ್ತಿದ್ದೂ ಎರಡು ಸಲ ಹುಡುಕಿದೆ. ಅವರ ಲೆಕ್ಕ ಸರಿಯಾಗಿದೆ ಲತಾ, ತಪ್ಪು ಹಿಡಿಯುವ ಹಾಗಿಲ್ಲ.

ಚೆಂಡು ಒದೆಯೋಕೂ ಕಾಲೇಜು ಬೇಕೇನ್ರೀ, ನಮ್ಮ ತಿಪಟೂರಲ್ಲಿ ಫ್ರೀಯಾಗಿ ಒದೀತಿದ್ರು ಅಂತ ಗೊಣಗುತ್ತಿದ್ದವಳು ನೀನು. ಮಾಮ್, ಜಸ್ಟ್ ಹೋಲ್ಡ್ ಇಟ್ ಅಂತ ಅವನು ಕರೆದರೆ, ಹಿತ್ತಲಲ್ಲಿ ಮಂಡಿಯೂರಿ ಆ ಚೂಪು ಮೂತಿಯ ಚೆಂಡನ್ನು ನೆಟ್ಟಗೆ ಹಿಡಿದು ಕೂರುತ್ತಿದ್ದವಳೂ ನೀನೇ. ಬೆರಳಿಗೆ ಒದೆ ಬಿದ್ದರೂ ಕೈ ತೆಗೆಯುತ್ತಿರಲಿಲ್ಲ. ಹಾಗಾಗಿ ಆ ನಂಬರು ಬಿಡುವುದೋ ಇಟ್ಟುಕೊಳ್ಳುವುದೋ ನಿನ್ನ ಮಾತು.

ಅವತ್ತು ಬರುತ್ತೀಯಾ? ಒಬ್ಬನೇ ಹಿಡಿದರೆ ಆ ಅಂಗಿಯ ಒಂದು ತೋಳು ಜೋತುಬೀಳುತ್ತದೆ.

ನಿನ್ನವನೋ ಅಲ್ಲವೋ, ಅದನ್ನೂ ನೀನೇ ಹೇಳಬೇಕಾದ
ಪಂಚಾಕ್ಷರಿ

ತಾ.ಕ.: ಸುಶ್ರುತ ಹೋದ ಮೇಲೆ ಇಲ್ಲಿನ ಒಂದು ಪಂದ್ಯವನ್ನೂ ನಾನು ತಪ್ಪಿಸಿಲ್ಲ. ಓವರ್‌ಟೈಮ್ ಅಂತ ನಿನಗೆ ಹೇಳಿ ಹೋಗುತ್ತಿದ್ದುದು ಅಲ್ಲಿಗೇ. ತಂದೆತಾಯಿಯರ ಸಾಲಿನಲ್ಲಿ ಕೂರುತ್ತೇನೆ. ಪ್ರತಿ ವರ್ಷ ಯಾರಾದರೂ ಹೊಸಬರು ಪಕ್ಕ ಕೂತು, ನಿಮ್ಮ ಹುಡುಗ ಯಾವ ನಂಬರು ಅಂತ ಕೇಳುತ್ತಾರೆ. ಮೂವತ್ತೇಳು, ಕಾಲಿಗೆ ಪೆಟ್ಟಾಗಿದೆ, ಈ ವಾರ ಆಡ್ತಿಲ್ಲ ಅನ್ನುತ್ತೇನೆ. ಬೇಗ ಹುಷಾರಾಗಲಿ ಅನ್ನುತ್ತಾರೆ. ಥ್ಯಾಂಕ್ಸ್ ಅನ್ನುತ್ತೇನೆ. ಆ ನಂಬರು ಇನ್ನೊಬ್ಬನ ಬೆನ್ನ ಮೇಲೆ ಮೈದಾನಕ್ಕೆ ಓಡಿಬಂದರೆ ಆಮೇಲೆ ನಾನು ಹೇಳುವುದೇನು? ಕೋಚ್ ಮುಂದೆ ಹೂಂ ಅನ್ನಲು ನನಗೆ ಆಗಲಿಲ್ಲ. ನೀನೇ ಅನ್ನು.