ಲೆಕ್ಕಕ್ಕಿಂತ ಮೊದಲು ಬಂದ ಕ್ಷ-ಕಿರಣ

ಬಂಕಾಪುರ
೧೧ ಅಕ್ಟೋಬರ್ ೧೯೮೭

ನನ್ನವ್ವ ಗುತ್ತೆವ್ವಾ,

ಮನೆಯಲ್ಲಿ ದೊಡ್ಡ ಸ್ಫೋಟವಾಯಿತು. ಗೋಡೆ ಬೆಳ್ಳಗಾಯಿತು, ನಾನೂ ಬೆಳ್ಳಗಾದೆ. ಗಾಬರಿಯಾಗಬೇಡ, ಅಟ್ಟದಿಂದ ಹಿಟ್ಟಿನ ಡಬ್ಬಿ ಬಿತ್ತು, ಅಷ್ಟೇ. ಸ್ಫೋಟ ಅಂದರೆ ಮಾತ್ರ ನೀನು ಕೊನೆತನಕ ಓದುತ್ತೀ ಅಂತ ಗೊತ್ತು.

ಮುಂಬಯಿಯ ಕೆಲಸ ಬಿಡುತ್ತೇನೆ ಅಂತ ಬರೆದಿದ್ದೀ. ಫೆಬ್ರುವರಿಯಲ್ಲಿ ಸಿಡಿದ ನಕ್ಷತ್ರದ, ಅಂದರೆ ನಿನ್ನ ಸೂಪರ್ ನೋವಾದ, ಕ್ಷ-ಕಿರಣ ಮುಂದಿನ ವರ್ಷ ಹೊರಬರುತ್ತದೆ ಅಂತ ನೀನು ಲೆಕ್ಕ ಹಾಕಿದ್ದೆ. ಜಪಾನದ ಉಪಗ್ರಹಕ್ಕೆ ಆಗಸ್ಟಿನಲ್ಲೇ ಕಂಡುಬಿಟ್ಟಿತು. ನಕ್ಷತ್ರದ ನಡುವೆಯೇ ಇದೆ ಅಂದುಕೊಂಡಿದ್ದ, ಆ ಕಿರಣಕ್ಕೆ ಮೂಲವಾದ ಕೋಬಾಲ್ಟು ಆಗಲೇ ಹೊರಪದರಕ್ಕೆ ಬೆರೆತಿತ್ತಂತೆ. ಒಳಗಿದ್ದದ್ದು ಒಳಗೇ ಇರುತ್ತದೆ ಅಂತ ನಂಬಿದವಳು ನೀನೊಬ್ಬಳೇ ಅಲ್ಲವಲ್ಲ!

ಯುಗಾದಿಗೆ ಬಂದಾಗ ನೀನು ಒಲೆಯ ಮುಂದೆ ಕುಂತು ನಮಗೆ ತಿಳಿಸಿದ್ದೆ. ಒಳಗಿನ ಗಾಮಾ ಕಿರಣ ಪದರಪದರಕ್ಕೂ ಬಡಿದು, ಸೋತು, ಕ್ಷ-ಕಿರಣವಾಗಿ ಹೊರಬೀಳುತ್ತದೆ ಅಂದೆ. "ಕೌದಿ ಹೊಚ್ಚಗೊಂಡು ಅಳೋರ ದನಿ ಕೇಳಿಸಿದಂಗೇನವಾ?" ಅಂದಳು ನಿಮ್ಮವ್ವ. ನಾನು ಸುಮ್ಮನಿರದೆ, "ಸೂಪರ್ ನೋವಾ ಯಾಕ ತಂದ್ಯವಾ, ಮನ್ಯಾಗ ನಿಮ್ಮವ್ವನ ಸಾದಾ ನೋವ ಸಾಕಾಗೇತಿ" ಅಂದೆ. ಮೊದಲು ನಕ್ಕವಳು ಅವಳೇ. ಆಮೇಲೆ, "ನಿನ್ನ ಬೆಳಕ ಬರೂತನಕ ಇರ್ತೇನಿ ತಗೋ" ಅಂದಳು. ಆಷಾಢ ದಾಟಲಿಲ್ಲ.

ಈಗ ನೀನು ಬರೆಯುತ್ತೀ: ಮುಂದಿನ ವರ್ಷ ಅಂದದ್ದಕ್ಕೆ ಅವ್ವ ಕೈಚೆಲ್ಲಿದಳು, ಇನ್ನೊಂದು ತಿಂಗಳು ಅಂದಿದ್ದರೆ ತಡೆದುಕೊಂಡಿರುತ್ತಿದ್ದಳು, ನನ್ನ ಲೆಕ್ಕವೇ ಅವಳನ್ನು ಕಳಿಸಿತು ಅಂತ. ಹುಚ್ಚಿ. ಅವಳ ಹೊಟ್ಟೆಯ ಗಡ್ಡೆ ನಿನ್ನ ಲೆಕ್ಕ ಓದಿರಲಿಲ್ಲ.

ನಾನು ಹೇಗಿದ್ದೇನೆ ಅಂತ ಕೇಳಿದ್ದೀ. ಮೊನ್ನೆ ಚ್ಯಾಷ್ಟಿಗೆ ಸಕ್ಕರೆ ಡಬ್ಬಿಯಲ್ಲಿ ಉಪ್ಪು ತುಂಬಿಟ್ಟೆ. ಬೈಯುವವರು ಯಾರೂ ಇಲ್ಲ ಅನ್ನುವುದು ಮರೆತಿತ್ತು. ಆ ಚಹಾ ನಾನೇ ಕುಡಿದೆ.

ಕೆಲಸ ಬಿಡಬೇಡ.

ನಿನ್ನ ತಂಟೆಕೋರ ಅಪ್ಪ,
ಉಡಚಪ್ಪ

ತಾ.ಕ.: ಹಿಟ್ಟಿನ ಡಬ್ಬಿಯೂ ಬಿದ್ದಿಲ್ಲ. ಆದರೆ ಒಂದು ಚ್ಯಾಷ್ಟಿ ಮಾತ್ರ ಖರೇ ಮಾಡಿದೆ. ನಿಮ್ಮವ್ವನ ಕೊನೆಯ ದಿನ ನೀನು ಇನ್ನೂ ರೈಲಿನಲ್ಲಿದ್ದೆ. ಅವಳ ಕಣ್ಣು ಬಾಗಿಲ ಮೇಲೇ ಇತ್ತು. ನಾನು ಹೊರಗಿನಿಂದ ಓಡಿ ಬಂದವನಂತೆ, "ರೇಡಿಯೋದಾಗ ಹೇಳಿದ್ರ, ಗುತ್ತೆವ್ವನ ಬೆಳಕ ಬಂತಂತ!" ಅಂದೆ. ಆಗಿನ್ನೂ ಯಾರಿಗೂ ಕಂಡಿರಲಿಲ್ಲ. ಖುಷಿಪಡುತ್ತಾಳೆ ಅಂದುಕೊಂಡಿದ್ದೆ. ಅವಳ ಮುಖ ಸಣ್ಣದಾಯಿತು. "ಮುಂದಿನ ವರ್ಷ ಅಂದಿದ್ಲಲ್ರಿ. ಹಂಗಾರ ಆಕಿ ಲೆಕ್ಕ ತಪ್ಪಿತೇನು?" ಅಂದಳು. ನಾನು ಅವಳ ಕೌದಿ ಸರಿಮಾಡಿದೆ. ಆಮೇಲೆ ಅವಳೇ ಅಂದಳು: "ತಪ್ಪಿದ್ರ ತಪ್ಪಲಿ, ಮತ್ತ ಹಾಕ್ತಾಳ. ಬಂದಮ್ಯಾಲೆ ಆಕಿನ್ನ ನೋಡಿ ನಗಬ್ಯಾಡ್ರಿ."